ಸೇತುರಾಮ ಪಾಸು ಮಾಡದ ಇಂಜಿನ್ನು

ಚಿಕ್ಕಬೈರಪ್ಪ: ಇದಕ್ಕೂ ಕೆಂಪು ಬಳಿದುಬಿಟ್ರಾ ಸ್ವಾಮಿ?

ಸೇತುರಾಮ: ಬಳೀದೆ ಇನ್ನೇನು ಆರತಿ ಎತ್ತಲಾ? ಪಿಸ್ಟನ್ನು ನಾಲ್ಕು ಥೌ ಸವೆದಿದೆ. ರಿಜೆಕ್ಟ್.

ಚಿಕ್ಕಬೈರಪ್ಪ: ನಾಲ್ಕು ಥೌ ಅಂದ್ರೆ ಎಷ್ಟು?

ಸೇತುರಾಮ: ಇಂಚಿನ ಸಾವಿರದಲ್ಲಿ ನಾಲ್ಕು ಪಾಲು. ನಿಮ್ಮ ತಲೆಗೂದಲು ಒಂದು ಕಿತ್ತು ನೋಡಿ. ಹೆಚ್ಚೂಕಮ್ಮಿ ಅದರ ದಪ್ಪ.

ಚಿಕ್ಕಬೈರಪ್ಪ: ಒಂದು ಕೂದಲಿಗೋಸ್ಕರ ನನ್ನ ಟ್ರ್ಯಾಕ್ಟರು ಮೂರು ದಿನದಿಂದ ಜಗಲಿ ಮೇಲೆ ಬಿಡಿಬಿಡಿಯಾಗಿ ಬಿದ್ದಿದೆ ಅನ್ನಿ!

ಟ್ರ್ಯಾಕ್ಟರು ಎಂದರೆ ಏರಿ ಕೂರುವ ದೊಡ್ಡ ಯಂತ್ರವೇನಲ್ಲ. ಎರಡು ಚಕ್ರ, ಎರಡು ಹಿಡಿ. ಅದು ಮುಂದೆ, ಯಜಮಾನ ಹಿಂದೆ ನಡೆಯುವ ತೋಟದ ಟ್ರ್ಯಾಕ್ಟರು. ದೇಶ ಬಿಟ್ಟು ಹೊರಟ ಯಾವನೋ ಇಂಗ್ಲಿಷ್ ದೊರೆಯ ಬಂಗಲೆಯ ಹರಾಜಿನಲ್ಲಿ ಅದನ್ನು ಹಿಡಿದು, ಹೋದ ವರ್ಷ, ಅಂದರೆ ಅರವತ್ತಮೂರರಲ್ಲಿ, ಚಿಕ್ಕಬೈರಪ್ಪ ತನ್ನೂರು ಇಟ್ಟಮಡುವಿಗೆ ತಂದಿದ್ದ. ತಂದವನು ಸುಮ್ಮನಿರಬಾರದೆ? ನೇರ ಅಣ್ಣ ಬೋರಣ್ಣನ ಕೊಟ್ಟಿಗೆಯ ಮುಂದೆ ನಿಂತು, "ಇನ್ನು ನಿನ್ನ ಎತ್ತಿನ ಬಾಲ ಹಿಡಿಯೋ ಕರ್ಮ ನನಗಿಲ್ಲ" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿದ್ದ. ಅಣ್ಣತಮ್ಮಂದಿರ ಮಾತು ಅವತ್ತಿಗೆ ನಿಂತಿತು.

ಈಗ ನಿಂತದ್ದು ಇಂಜಿನ್ನು. ಹಿತ್ತಲಲ್ಲಿ ಒದ್ದೆ ಗೋಣಿಯಡಿ ಸೇವಂತಿಗೆ ಸಸಿಗಳು ಬಾಡುತ್ತಿದ್ದವು. ನಾಳೆಯೊಳಗೆ ನೆಲ ಉತ್ತು ನೆಡದಿದ್ದರೆ ದಸರೆಗೆ ಹೂವಿಲ್ಲ. ಟ್ರ್ಯಾಕ್ಟರು ಏಳದಿದ್ದರೆ ಬೋರಣ್ಣನ ಎತ್ತು ಕೇಳಬೇಕು. ಕೇಳುವುದಕ್ಕಿಂತ ಸಸಿಗಳು ತಿಪ್ಪೆಗೆ ಹೋಗಲಿ ಎಂದು ಚಿಕ್ಕಬೈರಪ್ಪ ಹಲ್ಲು ಕಚ್ಚಿ ಕೂತಿದ್ದ.

ರಿಪೇರಿಗೆ ಕರೆಸಿದ್ದು ಹತ್ತಿರದ ಶ್ರೀನಗರ ಬಡಾವಣೆಯ ಸೇತುರಾಮರನ್ನು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ರಿಟೈರಾದವರು ಎಂದು ಯಾರೋ ಹೇಳಿದ್ದೇ ತಡ, ಏನು ದುಡಿದರು ಎಂದು ಕೇಳುವ ಬುದ್ಧಿಯೂ ಇಲ್ಲದೆ ಕರೆಸಿಬಿಟ್ಟಿದ್ದ. ಸೇತುರಾಮರು ಸೈಕಲ್ಲಿನಲ್ಲಿ ಬಂದರು, ಒಂದು ಮೈಕ್ರೋಮೀಟರು, ಒಂದು ಅಳತೆಯ ಕಡ್ಡಿ ತಂದರು, ಒಂದು ಕೆಂಪು ಬಣ್ಣದ ಡಬ್ಬಿ ತಂದರು. ಸ್ಪ್ಯಾನರ್ ಮಾತ್ರ ಚಿಕ್ಕಬೈರಪ್ಪನೇ ಹುಡುಕಿ ಕೊಡಬೇಕಾಯಿತು. ಮೂರು ದಿನದಲ್ಲಿ ಇಂಜಿನ್ನಿನ ಒಂದೊಂದು ಭಾಗವೂ ಬಿಚ್ಚಿ, ಅಳತೆಯಾಗಿ, ಹಣೆಗೆ ಕೆಂಪು ಬೊಟ್ಟು ಇಡಿಸಿಕೊಂಡು ಚಾಪೆಯ ಮೇಲೆ ಮಲಗಿತ್ತು.

ಚಿಕ್ಕಬೈರಪ್ಪನ ಹೆಂಡತಿ ಮುನಿಲಕ್ಷ್ಮಮ್ಮ ಮಜ್ಜಿಗೆ ತಂದು ಇಟ್ಟಳು. ಇಟ್ಟ ಸದ್ದಿನಲ್ಲೇ ಅವಳ ಅಭಿಪ್ರಾಯವೂ ಇತ್ತು.

ಮುನಿಲಕ್ಷ್ಮಮ್ಮ: ಇಷ್ಟರಲ್ಲಿ ಒಂದಾದ್ರೂ ಚೆನ್ನಾಗಿದೆಯಾ ಸ್ವಾಮಿ?

ಸೇತುರಾಮ: ಇದೆಯಮ್ಮ, ಇಲ್ಲ ಅನ್ನಲ್ಲ. ಇಗೋ, ಈ ನಟ್ಟು. ಅಚ್ಚುಕಟ್ಟು. ಪಾಸು.

ಚಿಕ್ಕಬೈರಪ್ಪ: ಅದು ನಿಮ್ಮ ಸೈಕಲ್ಲಿಂದು ಸ್ವಾಮಿ. ಬೆಳಿಗ್ಗೆ ಇಳಿಯೋವಾಗ ಬಿತ್ತು.

ಸೇತುರಾಮ: ಹೌದಾ? ಅದಕ್ಕೇ ಚೆನ್ನಾಗಿದೆ.

ನಟ್ಟನ್ನು ಜೇಬಿಗಿಳಿಸಿದರು.

ಮುನಿಲಕ್ಷ್ಮಮ್ಮ: ಮೂವತ್ತು ವರ್ಷದಲ್ಲಿ ನೀವು ಎಷ್ಟು ಇಂಜಿನ್ ಜೋಡ್ಸಿದ್ದೀರಿ?

ಸೇತುರಾಮ: ಜೋಡ್ಸೋದು ನನ್ನ ಕೆಲಸ ಅಲ್ಲಮ್ಮ. ಬೇರೆಯವರು ಮಾಡಿದ್ದನ್ನ ನೋಡಿ ಬೇಡ ಅನ್ನೋದು ನನ್ನ ಕೆಲಸ. ಇನ್‌ಸ್ಪೆಕ್ಷನ್!

ಮುನಿಲಕ್ಷ್ಮಮ್ಮ: ಅದಕ್ಕೆ ಕಾರ್ಖಾನೆ ಯಾಕೆ ಬೇಕಿತ್ತು? ನಮ್ಮತ್ತೆ ಅಡುಗೆಮನೆ ಬಾಗಿಲಲ್ಲಿ ಕೂತು ಇದನ್ನೇ ಮಾಡ್ತಿದ್ರು.

ಚಿಕ್ಕಬೈರಪ್ಪ: ಸತ್ತಿರೋ ನಮ್ಮವ್ವನ್ನ ಯಾಕೆ ಎಳೀತೀಯೇ?

ಮುನಿಲಕ್ಷ್ಮಮ್ಮ: ಹೊಗಳ್ತಾ ಇದ್ದೀನಿ. ಪಾಪ, ಅವರು ಬಣ್ಣ ಬಳೀತಿರಲಿಲ್ಲ.

ಚಿಕ್ಕಬೈರಪ್ಪ: ಸ್ವಾಮಿ, ಅವಳ ಮಾತು ಬಿಡಿ. ಹೊಗೆ ಜಾಸ್ತಿ, ಎಳೆತ ಕಮ್ಮಿ, ಅಷ್ಟೇ ಇದರ ಕಾಯಿಲೆ. ಏನೋ ಒಂದು ತುರುಕಿ, ತಿರುಗೋ ಹಾಗೆ ಮಾಡಿ ಅಂತ ಕರೆದದ್ದು.

ಸೇತುರಾಮ: ಏನೋ ಒಂದು ತುರುಕೋದಾ! ಬೈರಪ್ಪ, ನಾನು ಯಾರು ಅಂದ್ಕೊಂಡ್ರಿ? ಇದಕ್ಕೆ ರಿಪೇರಿ ಮಾತೇ ಇಲ್ಲ. ಹೊಸ ಇಂಜಿನ್ನೇ ಕೂರಿಸ್ಬೇಕು. ಇಂಗ್ಲೆಂಡಿಗೆ ಕಾಗದ ಬರೆದು ಹಾಕಿದ್ದೀನಿ.

ಚಿಕ್ಕಬೈರಪ್ಪ: ಯಾವಾಗ ಬರುತ್ತೆ?

ಸೇತುರಾಮ: ಕಾಗದ ಮುಟ್ಟೋಕೆ ಒಂದು ತಿಂಗಳು, ಅವರು ಯೋಚನೆ ಮಾಡೋಕೆ ಒಂದು ತಿಂಗಳು, ಇಲ್ಲಿ ಆಮದು ಲೈಸೆನ್ಸಿಗೆ ಆರೆಂಟು ತಿಂಗಳು, ಆಮೇಲೆ ಹಡಗು. ಮುಂದಿನ ಸೇವಂತಿಗೆ ಹೊತ್ತಿಗೆ ಆಗುತ್ತೆ.

ಚಿಕ್ಕಬೈರಪ್ಪ: ಮುಂದಿನ ವರ್ಷವಾ?

ಸೇತುರಾಮ: ಯಾವ ವರ್ಷ ಅಂತ ನಾನು ಹೇಳಲಿಲ್ಲ.

ಹನ್ನೆರಡಾಗುತ್ತಲೇ ಸೇತುರಾಮರು ಎದ್ದರು. ಕಾರ್ಖಾನೆ ಬಿಟ್ಟರೂ ಕಾರ್ಖಾನೆಯ ಊಟದ ಹೊತ್ತು ಅವರನ್ನು ಬಿಟ್ಟಿರಲಿಲ್ಲ. ಶ್ರೀನಗರಕ್ಕೆ ಹೋಗಿ ಉಂಡು, ಒಂದು ಕೋಳಿನಿದ್ದೆ ಮುಗಿಸಿ ಬರುವುದು ಅವರ ಪದ್ಧತಿ. ಸೈಕಲ್ಲು ತಿರುವು ದಾಟಿದ್ದೇ ಮುನಿಲಕ್ಷ್ಮಮ್ಮ ಸೆರಗು ಸಿಕ್ಕಿಸಿ ಚಾಪೆಯ ಮುಂದೆ ಕುಕ್ಕರಿಸಿದಳು.

ಮುನಿಲಕ್ಷ್ಮಮ್ಮ: ಬನ್ನಿ, ಕೂತ್ಕೊಳ್ಳಿ. ಬಿಚ್ಚಿದ ಹಾಗೇ ಸಾಲಾಗಿ ಇಟ್ಟಿದ್ದೀನಿ. ಕೊನೇದರಿಂದ ಒಂದೊಂದಾಗಿ ಕೊಡ್ತೀನಿ, ಹಾಕ್ತಾ ಹೋಗಿ.

ಚಿಕ್ಕಬೈರಪ್ಪ: ಎಲ್ಲಾ ಕೆಟ್ಟದ್ದು ಅಂದ್ರಲ್ಲೇ.

ಮುನಿಲಕ್ಷ್ಮಮ್ಮ: ಎಲ್ಲಾ ಒಂದೇ ಸಮ ಕೆಟ್ಟಿದ್ರೆ ಒಂದಕ್ಕೊಂದು ಹೊಂದ್ಕೊಂಡು ಹೋಗ್ತವೆ. ಹಾಕಿ ಸುಮ್ಮನೆ.

ಎರಡು ಗಂಟೆ ಹಿಡಿಯಿತು. ಚಿಕ್ಕಬೈರಪ್ಪ ಬೆರಳು ಜಜ್ಜಿಕೊಂಡ, ಬೈದ, ಎರಡು ಸಲ ಎದ್ದು ಹೋದ, ಹೆಂಡತಿಯ ಕಣ್ಣಿಗೆ ಹೆದರಿ ಎರಡು ಸಲವೂ ಬಂದು ಕೂತ. ಕೊನೆಗೆ ಟ್ರ್ಯಾಕ್ಟರನ್ನು ಹೊಲಕ್ಕೆ ತಳ್ಳಿ, ಇಂಜಿನ್ನಿನ ರಾಟೆಗೆ ಹಗ್ಗ ಸುತ್ತಿ ಎಳೆದ. ಒಂದು ಸಲ ಕೆಮ್ಮಿತು. ಇನ್ನೊಂದು ಸಲ ಎಳೆದ. ಡಬಡಬ ಎಂದು ಹೊಗೆ ಉಗುಳುತ್ತ ಹೊರಟೇಬಿಟ್ಟಿತು! ಚಿಕ್ಕಬೈರಪ್ಪನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಬೋರಣ್ಣನ ಮನೆಯ ಕಡೆಗೆ ಎದೆ ಸೆಟೆಸಿಕೊಂಡು ಒಂದೂವರೆ ಸಾಲು ಉತ್ತ. ಅಷ್ಟರಲ್ಲಿ ಬದುವಿನ ಮೇಲೆ ಸೈಕಲ್ಲು ಧೊಪ್ಪನೆ ಬಿತ್ತು.

ಸೇತುರಾಮ: ನಿಲ್ಸಿ! ನಿಲ್ಸಿ ಅಂದೆ! ಯಾರು ಪಾಸು ಮಾಡಿದ್ದು ಇದನ್ನ?

ಚಿಕ್ಕಬೈರಪ್ಪ: ಯಾರೂ ಮಾಡ್ಲಿಲ್ಲ. ಹಗ್ಗ ಎಳೆದೆ, ಓಡ್ತು.

ಸೇತುರಾಮ: ಸಾಧ್ಯವೇ ಇಲ್ಲ.

ಚಿಕ್ಕಬೈರಪ್ಪ: ಕಣ್ಣೆದುರಿಗೇ ಓಡ್ತಾ ಇದೆಯಲ್ಲ ಸ್ವಾಮಿ!

ಸೇತುರಾಮ: ಅದು ಅದರ ತಪ್ಪು.

ಮುನಿಲಕ್ಷ್ಮಮ್ಮ: ಅಯ್ಯೋ, ಓಡಿದ್ದಕ್ಕೂ ಬೈಸ್ಕೋಬೇಕಾ ಅದು?

ಸೇತುರಾಮ: ಪಿಸ್ಟನ್ ಸವೆದಿದೆ, ರಿಂಗು ಸವೆದಿದೆ, ವಾಲ್ವು ಕೂರ್ತಿಲ್ಲ. ಇಷ್ಟಾದ ಮೇಲೂ ಓಡುತ್ತೆ ಅಂದ್ರೆ ಅದಕ್ಕೆ ನಾಚಿಕೆ ಇಲ್ಲ ಅಂತ ಅರ್ಥ.

ಚಿಕ್ಕಬೈರಪ್ಪ: ನಾಚಿಕೆ ಕಟ್ಕೊಂಡು ನನಗೇನಾಗಬೇಕು? ನೆಲ ಉತ್ತರೆ ಸಾಕು. ದೂರ ನಿಲ್ಲಿ!

ಸೇತುರಾಮರು ದೂರ ನಿಲ್ಲಲಿಲ್ಲ. ಬಗ್ಗಿ, ಪ್ಲಗ್ಗಿನ ವೈರನ್ನು ಹಿಡಿದು ಕಿತ್ತರು. ಕೈಗೆ ಜುಮ್ಮೆಂದು ಹೊಡೆದು, ಅವರು ಒಂದು ಮಾರು ಹಿಂದಕ್ಕೆ ಹಾರಿದರು. ಇಂಜಿನ್ನು ಗೊಟಕ್ಕೆಂದು ನಿಂತಿತು. ಚಿಕ್ಕಬೈರಪ್ಪ ವೈರು ಸಿಕ್ಕಿಸಿ ಹಗ್ಗ ಎಳೆದ. ಮತ್ತೆ ಎಳೆದ. ಇಪ್ಪತ್ತು ಸಲ ಎಳೆದ. ಬಿಸಿಯಾಗಿದ್ದ ಇಂಜಿನ್ನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಸೇತುರಾಮರ ಮುಖ ಮೂರು ದಿನದಲ್ಲಿ ಮೊದಲ ಸಲ ಅರಳಿತು.

ಸೇತುರಾಮ: ನೋಡಿದ್ರಾ? ನಾನು ಹೇಳಲಿಲ್ವೆ?

ಚಿಕ್ಕಬೈರಪ್ಪ: ಓಡ್ತಿದ್ದದ್ದನ್ನ ನಿಲ್ಸಿದ್ದು ನೀವು!

ಸೇತುರಾಮ: ಕೆಟ್ಟದ್ದನ್ನ ನಿಲ್ಸೋದೇ ನನ್ನ ಕೆಲಸ. ಮೂವತ್ತು ವರ್ಷ...

ಚಿಕ್ಕಬೈರಪ್ಪ: ಇನ್ನೊಂದು ಸಲ ಮೂವತ್ತು ವರ್ಷ ಅಂದ್ರೆ ನಿಮ್ಮ ಸೈಕಲ್ನ ಬಾವಿಗೆ ಎತ್ತಿ ಹಾಕ್ತೀನಿ!

ಅವನಿಗೆ ಅಳು ಬರುವುದೊಂದು ಬಾಕಿ. ಒಂದೂವರೆ ಸಾಲಿನಲ್ಲಿ ಎಷ್ಟು ಸಸಿ ನೆಟ್ಟಾನು?

ಮುನಿಲಕ್ಷ್ಮಮ್ಮ: ಸಾಕು ನಿಮ್ಮಿಬ್ರ ಯಕ್ಷಗಾನ. ಎದ್ದು ಭಾವನ ಮನೆಗೆ ಹೋಗಿ ಎತ್ತು ಕೇಳಿ.

ಚಿಕ್ಕಬೈರಪ್ಪ: ಸತ್ರೂ ಹೋಗಲ್ಲ. ಅವನು ನಗ್ತಾನೆ.

ಮುನಿಲಕ್ಷ್ಮಮ್ಮ: ನಗಲಿ. ಊರೇ ನಗ್ತಿದೆ, ಅವರೊಬ್ರು ಯಾಕೆ ಸುಮ್ಮನಿರಬೇಕು?

ಚಿಕ್ಕಬೈರಪ್ಪ: ಹೋಗಲ್ಲ ಅಂದ್ರೆ ಹೋಗಲ್ಲ.

ಮುನಿಲಕ್ಷ್ಮಮ್ಮ: ಹಾಗಾದ್ರೆ ಇವರು ಹೋಗಲಿ. ನಿಲ್ಸಿದವರು ಇವರೇ ತಾನೆ? ಸ್ವಾಮಿ, ಬೋರಣ್ಣನ ಮನೆ ಕೆರೆ ದಾರೀಲಿ. ತಮ್ಮನಿಗೆ ಎತ್ತು ಬೇಕಂತೆ ಅಂತ ಹೇಳಿ, ಹೊಡ್ಕೊಂಡು ಬನ್ನಿ. ಅಷ್ಟು ಮಾಡಿ, ಮಜ್ಜಿಗೆ ಕುಡಿದದ್ದಕ್ಕೆ.

ಸೇತುರಾಮರು ಸೈಕಲ್ಲು ತಳ್ಳಿಕೊಂಡು ಹೊರಟರು. ಚಿಕ್ಕಬೈರಪ್ಪ ಬದುವಿನ ಮೇಲೆ ಕೂತು ಬೇರೆ ಕಡೆ ನೋಡುತ್ತಿದ್ದೇನೆಂದುಕೊಂಡು ದಾರಿಯನ್ನೇ ನೋಡುತ್ತಿದ್ದ. ಅಣ್ಣ ಕೊಡಬಾರದು ಎಂದೂ ಅನ್ನಿಸಿತು. ಕೊಡದಿದ್ದರೆ ಜನ್ಮವಿಡೀ ಬೈಯಬಹುದು. ಕೊಡಲಿ ದೇವರೇ ಎಂದೂ ಅನ್ನಿಸಿತು. ಒಂದು ವರ್ಷದಿಂದ ಹಬ್ಬಕ್ಕೂ ಅಣ್ಣನ ಮನೆಯಲ್ಲಿ ಉಂಡಿರಲಿಲ್ಲ. ಅರ್ಧ ಗಂಟೆಯ ಮೇಲೆ ಸೇತುರಾಮರು ಕಾಣಿಸಿದರು. ಸೈಕಲ್ಲಿತ್ತು, ಎತ್ತಿರಲಿಲ್ಲ.

ಚಿಕ್ಕಬೈರಪ್ಪ: ಕೊಡಲಿಲ್ಲ ಅಲ್ವಾ? ಗೊತ್ತಿತ್ತು ನನಗೆ! ಒಂದೇ ಹೊಟ್ಟೇಲಿ ಹುಟ್ಟಿ ಇಷ್ಟು ಕಲ್ಲುಮನಸ್ಸಾ?

ಸೇತುರಾಮ: ಯಾರು ಕೊಡಲಿಲ್ಲ ಅಂದವರು? ಬಹಳ ಒಳ್ಳೇ ಮನುಷ್ಯ. "ನನ್ನ ತಮ್ಮ ಕೇಳಿದ್ನಾ? ಅವನೇ ಕೇಳಿದ್ನಾ?" ಅಂತ ಎರಡೆರಡು ಸಲ ಕೇಳಿ ಕಣ್ಣು ಒರಸ್ಕೊಂಡ್ರು. ನೇಗಿಲು ಹೆಗಲಿಗೆ ಹಾಕ್ಕೊಂಡು, ಹುಣಿಸೆಮರದ ತಿರುವಿನವರೆಗೂ ತಾವೇ ಎತ್ತು ಹೊಡ್ಕೊಂಡು ಬಂದ್ರು.

ಚಿಕ್ಕಬೈರಪ್ಪ ಎದ್ದು ನಿಂತ. ದಾರಿಯ ಕಡೆ ಕತ್ತು ಚಾಚಿ ನೋಡಿದ.

ಚಿಕ್ಕಬೈರಪ್ಪ: ಮತ್ತೆ... ಎತ್ತೆಲ್ಲಿ?

ಸೇತುರಾಮ: ತಿರುವಿನಲ್ಲಿ ಸುಮ್ಮನೆ ಒಂದು ಸಲ ಅಳೆದೆ. ಎಡಗಡೇದು ಬಲಗಡೇದಕ್ಕಿಂತ ಎರಡೂವರೆ ಇಂಚು ಗಿಡ್ಡ. ವಾಪಸ್ ಕಳ್ಸಿದೆ.

ಚಿಕ್ಕಬೈರಪ್ಪ ಪಂಚೆ ಎತ್ತಿ ಕಟ್ಟಿ ಓಡಿದ. ಬದು ಹಾರಿ, ಬೇಲಿ ಹಾರಿ, ಕೆರೆ ದಾರಿ ಹಿಡಿದು, "ಅಣ್ಣಾ! ಬೋರಣ್ಣಾ! ತಡ್ಯಣ್ಣಾ, ನಾನೇ ಬಂದೆ!" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗುತ್ತ ಓಡಿದ. ಹಿಂದಿನಿಂದ ಹೆಂಡತಿಯ ಗಂಟಲು ಅಟ್ಟಿಸಿಕೊಂಡು ಬಂತು.

ಮುನಿಲಕ್ಷ್ಮಮ್ಮ: ಸ್ವಾಮಿ, ನಾನು ನಮ್ಮೆಜಮಾನ್ರಿಗಿಂತ ನಾಲ್ಕು ಬೆರಳು ಎತ್ತರ. ನಮ್ಮ ಮದುವೆ ಚಪ್ಪರಕ್ಕೆ ನಿಮ್ಮನ್ನ ಯಾರೂ ಕರೀಲಿಲ್ಲವಲ್ಲ, ಅದೇ ನಮ್ಮ ಪುಣ್ಯ!