ಮಖಮಲ್ಲಿನ ಕಲೆ

"ಕಲೆ ತೆಗೆಯುವುದೂ ಒಂದು ಕಲೆ!"

ಲಾಂಡ್ರಿಯಣ್ಣ ಈ ಬೋರ್ಡನ್ನು ಸ್ವಹಸ್ತದಿಂದ ಬರೆದು ಅಂಗಡಿಯ ನೆತ್ತಿಗೆ ತಗುಲಿಹಾಕಿದ್ದ. ತುಕ್ಕಾಗಲಿ, ಗ್ರೀಸಾಗಲಿ, ಅವನ ಕೈಗೆ ಸಿಕ್ಕ ಕಲೆ ಬದುಕಿ ಉಳಿದದ್ದಿಲ್ಲ. ಸೋತದ್ದು ಒಂದೇ ಕಡೆ. ಎದುರು ಕ್ಲಿನಿಕ್ಕಿನ ಡಾಕ್ಟರಮ್ಮನ ಬಿಳಿ ಕೋಟು! ಅದರ ಜೇಬಿನ ಶಾಯಿ ಏನು ಮಾಡಿದರೂ ಜಗ್ಗಲಿಲ್ಲ. ಆಕೆ ಕೇಳಿದಾಗಲೆಲ್ಲ ಅವನು ಹಲ್ಲು ಕಿರಿದು, "ನಾಳೆ ಬನ್ನಿ ಡಾಕ್ಟ್ರೇ, ಪಕ್ಕಾ!" ಎನ್ನುತ್ತಿದ್ದ.

ಇಂಥ ಕಲಾವಿದನ ಕುತ್ತಿಗೆಯ ಮೇಲೆಯೇ ಒಂದು ಕಲೆ ಬಂದು ಕೂರಬೇಕೇ!

ಪತ್ತೆ ಹಚ್ಚಿದವಳು ಹೆಂಡತಿ. "ರೀ, ಕುತ್ತಿಗೆ ಹಿಂದೆ ಕಪ್ಪಗೆ ಪಟ್ಟೆ ಪಟ್ಟೆ ಆಗಿದೆಯಲ್ರೀ! ಸ್ನಾನ ಮಾಡ್ತೀರೋ, ಬರೀ ನೀರಿನ ಸದ್ದು ಮಾಡಿ ಬರ್ತೀರೋ?"

"ಊರಿನ ಕೊಳೆ ತೆಗೆಯೋನಿಗೇ ಕೊಳೆನಾ? ನಾಳೆ ಸಂಜೆಯೊಳಗೆ ಮಾಯ ಮಾಡ್ತೀನಿ, ನೋಡ್ತಿರು!"

ಕೂಡಲೇ ತನಿಖೆ ಶುರುವಾಯಿತು. ಎದುರಿಗೊಂದು ಕನ್ನಡಿ, ಬೆನ್ನಿಗೊಂದು ಕನ್ನಡಿ. ಎಣ್ಣೆಯದಾದರೆ ಜಿಡ್ಡಿರಬೇಕು, ತುಕ್ಕಾದರೆ ಕೆಂಪಗಿರಬೇಕು. ಇದು ಎರಡೂ ಅಲ್ಲ. ಹಾಗಾದರೆ ಇದು ಯಾವ ಜಾತಿಯ ಕಲೆ? ಕುತೂಹಲ ತಡೆಯಲಾರದೆ ಕಣ್ಣು ಮುಚ್ಚಿ, ಬಟ್ಟೆಯ ನಯ ನೋಡುವವನಂತೆ ಬೆರಳಾಡಿಸಿದ. ದಪ್ಪ, ಆದರೆ ಮೆತ್ತಗೆ.

"ಇವಳೇ, ಮುಟ್ಟಿ ನೋಡು. ಥೇಟ್ ಮಖಮಲ್ಲು!"

"ಮಖಮಲ್ಲನ್ನ ಉಜ್ಜಬಾರದು ಅಂತ ಗಿರಾಕಿಗಳಿಗೆಲ್ಲ ಪಾಠ ಮಾಡೋರು ನೀವೇ ತಾನೆ?"

"ಅದು ಬಟ್ಟೆಗೆ ಕಣೇ!"

ಮೊದಲು ನಿಂಬೆಹೋಳು. ಆಮೇಲೆ ಅಡುಗೆ ಸೋಡಾ. ಎರಡಕ್ಕೂ ಕಲೆ ಕ್ಯಾರೇ ಅನ್ನಲಿಲ್ಲ. ಕೊನೆಗೆ ಬ್ರಹ್ಮಾಸ್ತ್ರವೆಂದು ಕಾಲರ್ ತಿಕ್ಕುವ ಬ್ರಷ್ಷನ್ನೇ ಎತ್ತಿದ. ಕಲೆ ಇದ್ದಲ್ಲೇ ಇತ್ತು, ಚರ್ಮ ಹೋಯಿತು!

ಗಾಯ ಒಣಗಲಿಲ್ಲ. ವಾರ ಕಳೆದು ಮತ್ತೊಂದು ವಾರ ಬಂದರೂ ಒಸರುತ್ತಲೇ ಇತ್ತು. ಹೆಂಡತಿಗೆ ಗಾಬರಿಯಾಯಿತು.

"ರಸ್ತೆ ದಾಟಿದ್ರೆ ಡಾಕ್ಟ್ರು. ಹೋಗೋಕೇನು ಧಾಡಿ ನಿಮಗೆ?"

"ಹೋದ ತಕ್ಷಣ ನನ್ನ ಕೋಟು ಎಲ್ಲಿ ಅಂತಾರೆ!"

"ಕೋಟಿಗೋಸ್ಕರ ಕುತ್ತಿಗೆ ಕಳ್ಕೋತೀರಾ?" ಎಂದವಳೇ ರಟ್ಟೆ ಹಿಡಿದು ಎಳೆದುಕೊಂಡು ಹೋದಳು.

ಡಾಕ್ಟರಮ್ಮ ಕಾಲರ್ ಸರಿಸಿ ನೋಡಿ ಬೆಚ್ಚಿದರು. "ಯಾತರಲ್ಲಿ ಉಜ್ಜಿದ್ರಿ?"

"ಬ್ರಷ್ಷಲ್ಲಿ. ಕೊಳೆ ಅಂತ..."

"ಇದು ಕೊಳೆ ಅಲ್ಲಪ್ಪಾ! ಸಕ್ಕರೆ ಕಾಯಿಲೆ ಇರೋರಲ್ಲಿ, ಬರೋ ಹಾಗಿರೋರಲ್ಲಿ ಕೆಲವರಿಗೆ ಕುತ್ತಿಗೆ, ಕಂಕುಳು ಹೀಗೆ ಕಪ್ಪಾಗುತ್ತೆ. ಮುಟ್ಟಿದ್ರೆ ಮಖಮಲ್ಲಿನ ಹಾಗಿರುತ್ತೆ. ಗಾಯ ಆದ್ರೆ ಬೇಗ ಮಾಯೋದೂ ಇಲ್ಲ."

ಬೆರಳಿಗೆ ಸೂಜಿ ಚುಚ್ಚಿದರು. ಪುಟ್ಟ ಯಂತ್ರ ತೋರಿಸಿದ ಅಂಕಿ ನೋಡಿ ಅವರ ಹುಬ್ಬು ಮೇಲಕ್ಕೇರಿತು. ಲಾಂಡ್ರಿಯಣ್ಣನ ಜಂಬ ಜರ್ರನೆ ಇಳಿದುಹೋಯಿತು. ಅವನಿಗೆ ನಿಜವಾಗಿಯೂ ಹೆದರಿಕೆಯಾಯಿತು. ಇಷ್ಟು ಹೊತ್ತು ಗದರುತ್ತಿದ್ದ ಹೆಂಡತಿ ಸದ್ದಿಲ್ಲದೆ ಅವನ ಕೈ ಹಿಡಿದುಕೊಂಡಳು.

"ವಾಸಿಯಾಗುತ್ತಾ ಡಾಕ್ಟ್ರೇ?" ಎಂದ ಅವನು.

"ಗಾಯಕ್ಕೆ ಮದ್ದು ಕೊಡ್ತೀನಿ, ಮಾಯುತ್ತೆ. ಸಕ್ಕರೆ ಹತೋಟಿಗೆ ಬಂದ್ರೆ ಕಪ್ಪೂ ಮೆಲ್ಲಗೆ ತಿಳಿಯಾಗಬಹುದು. ಆದ್ರೆ ಉಜ್ಜೋದು ಇವತ್ತಿಂದ ಬಂದ್!"

ಹೋದ ಜೀವ ಬಂದಂತಾಗಿ ಅವನು ಕುರ್ಚಿಯ ಅಂಚಿಗೆ ಸರಿದ. "ಯಾವಾಗ ಹೋಗುತ್ತೆ ಅಂತ ಒಂದು ಮಾತು ಹೇಳಿಬಿಡಿ."

"ಮೊದಲು ರಕ್ತ ಪರೀಕ್ಷೆ ಆಗ್ಲಿ." ಡಾಕ್ಟರಮ್ಮ ಕಿಟಕಿಯಾಚೆ ಅವನ ಬೋರ್ಡನ್ನೊಮ್ಮೆ ನೋಡಿ ನಕ್ಕರು. "ನಾಳೆ ಬನ್ನಿ!"

ಪಕ್ಕದಲ್ಲಿ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಪ... ಪಕ್ಕಾನಾ ಡಾಕ್ಟ್ರೇ?"

"ಪಕ್ಕಾ! ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ. ಖಾಲಿ ಕೈಯಲ್ಲಿ ಮಾತ್ರ ಬರಬೇಡಿ. ನನ್ನ ಕೋಟು ತನ್ನಿ!"