ಮಂಡಿನೋವಿಗೆ ಐವತ್ತು ರೂಪಾಯಿ ಕಡಿಮೆ

“ಈ ಗುಂಡಿ ಒತ್ತಿದ್ರೆ ಮುಗೀತು. ಇನ್ಮೇಲೆ ಈ ಮನೆ ಬಾಗಿಲಿಗೆ ಮರ್ಯಾದಸ್ಥರು ಮಾತ್ರ ಬರ್ತಾರೆ” ಎಂದು ಶಿವನಂಜಪ್ಪನವರು ಹಳೆಯ ರೇಡಿಯೊ ಪೆಟ್ಟಿಗೆಯೊಂದರ ತಲೆ ಸವರಿದರು. ಪೆಟ್ಟಿಗೆಯೊಳಗೆ ಒಂದು ಮೊಬೈಲು, ಒಂದು ಸ್ಪೀಕರು, ಮಾರುಗಟ್ಟಲೆ ವೈರು. ಅವರ ಹೆಂಡತಿ ದಾಕ್ಷಾಯಿಣಮ್ಮ ಗೋಡೆಗೆ ಒರಗಿ ನಿಂತು ಆಕಳಿಸಿದರು. ಮೂವತ್ತೊಂದು ವರ್ಷದ ಸಂಸಾರದಲ್ಲಿ ಆಕೆ ಇಂಥ ಗುಂಡಿಗಳನ್ನು ಎಷ್ಟು ಕಂಡಿದ್ದರೆಂದರೆ, ಯಾವುದು ಫ್ಯೂಸು ಹಾರಿಸುತ್ತದೆ, ಯಾವುದು ಬರೀ ಹೊಗೆ ಬಿಡುತ್ತದೆ ಎಂದು ಬಣ್ಣ ನೋಡಿಯೇ ಹೇಳಬಲ್ಲವರಾಗಿದ್ದರು.

ಆಕೆಗೆ ಬೇಕಾಗಿದ್ದದ್ದು ಯಂತ್ರವಲ್ಲ, ಕೋಣೆ. ಮಲಗುವುದು ಮಹಡಿಯಲ್ಲಿ, ಅಡುಗೆ ಕೆಳಗೆ, ನಡುವೆ ಹದಿನೆಂಟು ಮೆಟ್ಟಿಲು. ಬಲಮಂಡಿ ಆ ಮೆಟ್ಟಿಲುಗಳ ಜೊತೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಕೆಳಗಿನ ಕೋಣೆಗೆ ಮಂಚ ತರೋಣವೆಂದರೆ, ಪಾಲಿಟೆಕ್ನಿಕ್ಕಿನ ಲ್ಯಾಬಿನಿಂದ ನಿವೃತ್ತರಾದ ಯಜಮಾನರು ಅದರ ತುಂಬ ಕೆಟ್ಟ ಕೂಲರು, ಒಂದೇ ಬಾಗಿಲಿನ ಬೀರು, ತಾನೇ ತಿರುಗಬೇಕಾಗಿದ್ದು ತಿರುಗದೆ ಕೂತ ಒರಳು ಎಲ್ಲವನ್ನೂ ಪೇರಿಸಿಟ್ಟಿದ್ದರು. ಬೇಡಿ ಬೇಡಿ ಸೋತು ದಾಕ್ಷಾಯಿಣಮ್ಮನೇ ಮೊಬೈಲಿನಲ್ಲಿ ‘ತಿಪಟೂರು ಹಳೇ ಸಾಮಾನು’ ಎಂಬ ಗುಂಪಿಗೆ ಫೋಟೊ ಹಾಕಿದರು. ಬಂದ ಮೆಸೇಜುಗಳಲ್ಲಿ ಹುಡುಕಿದರೂ ಒಂದು ನಮಸ್ಕಾರ ಸಿಗಲಿಲ್ಲ. ಎಲ್ಲರದೂ ಒಂದೇ ಪಲ್ಲವಿ: “ಲಾಸ್ಟ್ ಎಷ್ಟು?” ಸಾವಿರದ ಐನೂರರ ಕೂಲರಿಗೆ ಒಬ್ಬ ಇನ್ನೂರು ಕೊಡುತ್ತೇನೆಂದ. ಇನ್ನೊಬ್ಬ ಬೆಲೆ ಒಪ್ಪಿ ಆಟೊ ತಂದು, ಬೀರು ಹೊಸಿಲು ದಾಟಿದ ಮೇಲೆ ಮುನ್ನೂರು ಬಿಡಿ ಎಂದು ರಾಗ ತೆಗೆದ. ಬೀರು ವಾಪಸು ಒಳಗೆ ಬಂತು. ಮಂಡಿ ಬಾತುಕೊಂಡಿತು.

ಆ ಅವಮಾನಕ್ಕೆ ಮದ್ದು ಎಂದು ಹುಟ್ಟಿದ್ದೇ ಗುಂಪಿನ ಮೆಸೇಜುಗಳಿಗೆ ತಾನೇ ಉತ್ತರ ಕೊಟ್ಟು ಬೆಲೆ ಹೇಳುವ ಈ ಮರ್ಯಾದೆ ಯಂತ್ರ. ಅದಕ್ಕೆ ವಿದ್ಯೆ ಕಲಿಸಲು ಶಿವನಂಜಪ್ಪನವರು ಅಟ್ಟದ ಟ್ರಂಕಿನಲ್ಲಿದ್ದ ಅಪ್ಪನ ಕಾಲದ ಕಾಗದಗಳನ್ನೆಲ್ಲ ಓದಿಸಿದ್ದರು. ಇತ್ತ ಕಡೆ ಎಲ್ಲರೂ ಕ್ಷೇಮ ಎಂದು ಶುರುವಾಗಿ, ಮನೆಮಂದಿಯನ್ನೂ ಕೊಟ್ಟಿಗೆಯ ಕರುವನ್ನೂ ವಿಚಾರಿಸಿ, ಕೊನೆಯ ಸಾಲಿನಲ್ಲಿ ಮಾತ್ರ ವಿಷಯಕ್ಕೆ ಬರುವ ಕಾಗದಗಳು.

“ಲಾಸ್ಟ್ ಎಷ್ಟು ಅಂದವನಿಗೆ ನೂರು ಜಾಸ್ತಿ” ಎಂದು ಅವರು ವಿವರಿಸಿದರು. “ಕ್ಷೇಮ ವಿಚಾರಿಸಿದವನಿಗೆ ತಲೆಗೆ ಹತ್ತು ಕಡಿಮೆ. ಕಾಯಿಲೆ ಕಸಾಲೆ ಕೇಳಿದ್ರೆ ಐವತ್ತು. ಒಪ್ಪಿದ ಬೆಲೆ ಮಾತ್ರ ಯಾರು ಬಂದ್ರೂ ಬದಲಾಗಲ್ಲ.”

“ಕಾಯಿಲೆ ಯಾರದು?”

“ನಿನ್ನ ಮಂಡಿ ಹಾಕಿದೀನಿ. ಮನೇಲಿ ಬೇರೆ ಯಾವುದೂ ಸಿಗಲಿಲ್ಲ.”

ಮೊದಲ ಎರಡು ದಿನ ಯಂತ್ರ ಬೆಲೆ ಏರಿಸಿದ್ದೇ ಏರಿಸಿದ್ದು. ಹದಿನಾಲ್ಕು ಜನ ಲಾಸ್ಟ್ ಎಷ್ಟು ಎಂದು ಕೇಳಿದ್ದರಿಂದ ಕೆಟ್ಟ ಕೂಲರು ಹೊಸದರ ಬೆಲೆಗೆ ಬಂದು ಮುಟ್ಟಿತು. ಶಿವನಂಜಪ್ಪನವರು ಬೀಗಿದರು. ದಾಕ್ಷಾಯಿಣಮ್ಮ ಮೆಟ್ಟಿಲ ಬುಡದಲ್ಲಿ ನಿಂತು ಉಸಿರು ಬಿಟ್ಟು, ಗೋಡೆ ಹಿಡಿದು ಹತ್ತಿದರು.

ಮೂರನೆಯ ದಿನ ಎಳನೀರು ಮಾರುವ ಕೆಂಚಪ್ಪ ಮೆಸೇಜು ಹಾಕಿದ. ಹುಟ್ಟಾ ಮರ್ಯಾದಸ್ಥ. “ಅಮ್ಮಾವ್ರೆ, ಚೆನ್ನಾಗಿದೀರಾ? ಯಜಮಾನ್ರು ಹೆಂಗವ್ರೆ? ಆ ಕೂಲರು ಕೆಟ್ಟಿದ್ರೂ ಪರವಾಗಿಲ್ಲ” ಎಂದ. ಯಂತ್ರ ತಟ್ಟನೆ ಇಪ್ಪತ್ತು ರೂಪಾಯಿ ಇಳಿಸಿ, ಅದೇ ಕಾಗದದ ಧಾಟಿಯಲ್ಲಿ ಉತ್ತರಿಸಿತು: “ತಮ್ಮ ಕೃಪೆಯಿಂದ ಎಲ್ಲರೂ ಕ್ಷೇಮ. ಗೃಹಿಣಿಯವರ ಬಲಮಂಡಿ ಮಾತ್ರ ಹದಿನೆಂಟು ಮೆಟ್ಟಿಲಿನ ದೆಸೆಯಿಂದ ಬಾತಿರುತ್ತದೆ.” ಪಾಪ, ಅವನು ಮಂಡಿಯನ್ನೂ ವಿಚಾರಿಸಿದ. ಐವತ್ತು ಇಳಿಯಿತು. ಗುಂಪಿನವರೆಲ್ಲ ಅದನ್ನು ಓದಿದರು, ಅಲ್ಲಿಗೆ ಗುಟ್ಟು ಬಯಲಾಯಿತು.

ಮರುದಿನದಿಂದ ಇಡೀ ತಿಪಟೂರಿಗೆ ದಾಕ್ಷಾಯಿಣಮ್ಮನ ಮಂಡಿಯದೇ ಚಿಂತೆ. ಬೆಳಗಾದರೆ ಯಂತ್ರ ಒಂದೊಂದೇ ಮೆಸೇಜನ್ನು ಗಟ್ಟಿಯಾಗಿ ಓದುತ್ತಿತ್ತು. ಎಕ್ಕದ ಎಲೆ ಕಟ್ಟಿ ಎಂದರು, ಹರಳೆಣ್ಣೆ ಹಚ್ಚಿ ಎಂದರು. ಮೊದಮೊದಲು ದಾಕ್ಷಾಯಿಣಮ್ಮನ ಕಣ್ಣು ಒದ್ದೆಯಾಯಿತು, ಸುಳ್ಳೇಕೆ ಹೇಳಬೇಕು. ಗಂಡ ಒಂದು ದಿನವೂ ಕೇಳದ ಪ್ರಶ್ನೆ ಅದು. ಆಮೇಲೆ ಸಂತೆಯಲ್ಲಿ ಸೊಪ್ಪಿನವಳು, “ಅವ್ವಾ, ಮಂಡಿ ಹೆಂಗದೆ? ಆ ಬೀರುಗೆ ಐವತ್ತು ಬಿಡು ಮತ್ತೆ” ಎಂದಾಗ, ಆ ಕಣ್ಣೀರೂ ದಂಡವಾಯಿತಲ್ಲ ಎಂದು ಸುಸ್ತಾಯಿತು. ಊರಿನ ಕರುಣೆಗೆಲ್ಲ ಐವತ್ತು ರೂಪಾಯಿಯ ಚೀಟಿ ಅಂಟಿತ್ತು.

ಬುಧವಾರ ಕೆಂಚಪ್ಪ ಎರಡನೆಯ ಸಲ ಮೆಸೇಜು ಹಾಕಿದ. ಈ ಸಲ ಅನುಭವಸ್ಥ. ಸತ್ತ ಮಾವನವರಿಂದ ಹಿಡಿದು ಬೀದಿಯ ನಾಯಿಯವರೆಗೆ ವಿಚಾರಿಸಿದ, ಮಂಡಿಯ ಒಳಗಡೆ, ಹೊರಗಡೆ, ಹಿಂಭಾಗ ಎಲ್ಲವನ್ನೂ ಬೇರೆ ಬೇರೆಯಾಗಿ ಕೇಳಿದ. ಕೂಲರಿನ ಬೆಲೆ ಸೊನ್ನೆ ಮುಟ್ಟಿ, ಅಲ್ಲಿಯೂ ನಿಲ್ಲದೆ ಕೆಳಗಿಳಿಯಿತು. ಸಂಜೆ ಅವನು ಕೈಗಾಡಿ ತಂದು, ಕೂಲರು ಏರಿಸಿ, ವಿನಯದಿಂದ ಕೈ ಒಡ್ಡಿದ.

“ಯಜಮಾನ್ರೆ, ನನಗೆ ಇನ್ನೂರಾ ಹತ್ತು ಬರಬೇಕು.”

“ಸಾಮಾನೂ ಕೊಟ್ಟು ದುಡ್ಡೂ ಕೊಡ್ತಾರಾ ಯಾರಾದ್ರೂ?” ಎಂದರು ದಾಕ್ಷಾಯಿಣಮ್ಮ.

“ಮಾತು ಅಂದ್ರೆ ಮಾತು ಕಣೇ” ಎಂದು ಶಿವನಂಜಪ್ಪನವರು ಜೇಬಿಗೆ ಕೈ ಹಾಕಿದರು. ನಾಲ್ಕು ದಿನದಲ್ಲಿ ಬೀರು ಹೋಯಿತು, ಒರಳು ಹೋಯಿತು. ಒರಳಿನ ಜೊತೆ ಪಿಂಚಣಿಯ ಆರುನೂರು ರೂಪಾಯಿಯೂ ಹೋಯಿತು.

ಭಾನುವಾರ ಮಧ್ಯಾಹ್ನ ಕೋಣೆ ಖಾಲಿ. ಉಳಿದದ್ದು ಮರ್ಯಾದೆ ಯಂತ್ರ, ಅದರ ಅಗಲವಾದ ಮೇಜು. ಅದೂ ಮಂಚ ಬರಬೇಕಾದ ಜಾಗದಲ್ಲೇ.

“ಇದನ್ನ ಮೇಲಕ್ಕೆ ಒಯ್ತೀರಾ?”

“ಲೇ, ಅದನ್ನ ಅಲ್ಲಾಡಿಸಿದ್ರೆ ಕೆಟ್ಟು ಹೋಗತ್ತೆ. ಅಲ್ಲೇ ಇರ್ಲಿ” ಎಂದು ಯಜಮಾನರು ಮಲಗಲು ಮಹಡಿ ಹತ್ತಿದರು.

ದಾಕ್ಷಾಯಿಣಮ್ಮನಿಗೆ ಜಗಳಕ್ಕೂ ತ್ರಾಣವಿರಲಿಲ್ಲ. ಸುಮ್ಮನೆ ಯಂತ್ರದ ಫೋಟೊ ತೆಗೆದು, ಐನೂರು ರೂಪಾಯಿ ಎಂದು ಬರೆದು ಗುಂಪಿಗೆ ಹಾಕಿದರು. ಯಂತ್ರ ಯಾವ ಬೇಸರವೂ ಇಲ್ಲದೆ ತನ್ನನ್ನು ತಾನೇ ಮಾರಲು ತೊಡಗಿತು. ಐದು ನಿಮಿಷಕ್ಕೆ ಗಟ್ಟಿಯಾಗಿ ಓದಿತು: “ಶಿವನಂಜಪ್ಪ ಎಂಬುವರು ಲಾಸ್ಟ್ ಎಷ್ಟು ಎಂದು ಕೇಳಿರುತ್ತಾರೆ. ಬೆಲೆ ಆರುನೂರು.”

“ಲೇ, ಅದು ನಂದು ಕಣೇ! ನಂದನ್ನ ನಾನೇ ಲಾಸ್ಟ್ ಎಷ್ಟು ಅಂತ ಕೇಳ್ಬೇಕಾ?” ಎಂಬ ಕೂಗು ಮಹಡಿಯಿಂದ ಬಂತು.

“ಏಳುನೂರು” ಎಂದಿತು ಕೂಗನ್ನೂ ಕೇಳಿಸಿಕೊಂಡ ಯಂತ್ರ.

“ನಿಮ್ಮದೇ ತಾನೆ? ಬಂದು ಗುಂಡಿ ಆರಿಸಿಬಿಡಿ” ಎಂದರು ದಾಕ್ಷಾಯಿಣಮ್ಮ.

ಯಜಮಾನರು ಇಳಿಯಲಿಲ್ಲ. ಆರಿಸಿದರೆ ಯಂತ್ರ ಸೋತಿತೆಂದು ಒಪ್ಪಿದಂತೆ. ಆ ಮಾತು ಅವರ ಬಾಯಿಂದ ಮೂವತ್ತೊಂದು ವರ್ಷದಲ್ಲಿ ಹೊರಟಿರಲಿಲ್ಲ. ಹತ್ತು ನಿಮಿಷ ಕಳೆದ ಮೇಲೆ ಯಂತ್ರ ಗಂಟಲು ಸರಿಮಾಡಿಕೊಂಡಂತೆ ಗೊರಗುಟ್ಟಿ ಓದಿತು: “ದಾಕ್ಷಾಯಿಣಿಗೆ. ಇತ್ತ ಮಹಡಿಯಲ್ಲಿ ನಾನು ಕ್ಷೇಮ. ನಿನ್ನ ಮಂಡಿ ಹೇಗಿದೆ?”

ದಾಕ್ಷಾಯಿಣಮ್ಮ ಯಂತ್ರದ ಮೇಜಿಗೆ ಕೈ ಊರಿ ನಿಂತರು. ಇಷ್ಟಕ್ಕೆಲ್ಲ ಮನಸ್ಸು ಕರಗುತ್ತದಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

“ಐವತ್ತು ಇಳಿಸಲು ಅಪ್ಪಣೆಯೇ?” ಎಂದು ಯಂತ್ರ ಕೇಳಿತು.

“ಬೇಡ. ಮಂಚ ಕೆಳಗೆ ಬಂದ್ಮೇಲೆ ಮಾತಾಡೋಣ ಅಂತ ಹೇಳು.”

“ತಮ್ಮ ಕಾಗದ ತಲುಪಿ ಸಂತೋಷವಾಯಿತು. ಮಂಚ ಸಮೇತ ದಯಮಾಡಿಸುವುದು” ಎಂದು ಯಂತ್ರ ಉತ್ತರ ಕಳಿಸಿತು.

ಮಂಚ ಬಿಚ್ಚಿದ್ದಾಯಿತು. ಕಾಲು, ಪಟ್ಟಿ, ಹಲಗೆ, ಹಾಸಿಗೆ, ಒಟ್ಟು ಏಳು ಸಲ ಹತ್ತಿಳಿದದ್ದಾಯಿತು. ಯಂತ್ರದ ಮೇಜನ್ನು ಅವರೇ ಮೂಲೆಗೆ ತಳ್ಳಿದರು, ಅದಕ್ಕೇನೂ ಆಗಲಿಲ್ಲ. ಮಂಚ ಜೋಡಿಸಿ ಮುಗಿಸಿದ ಶಿವನಂಜಪ್ಪನವರು ಮಂಡಿ ಹಿಡಿದುಕೊಂಡು ಕೊನೆಯ ಮೆಟ್ಟಿಲ ಮೇಲೆ ಕುಸಿದರು.

“ಈ ಮೆಟ್ಟಿಲು ಮೊದಲಿಂದ್ಲೂ ಇಷ್ಟೊಂದಿದ್ವಾ?”

“ಹದಿನೆಂಟು” ಎಂದು ದಾಕ್ಷಾಯಿಣಮ್ಮ ಮಂಚದ ಮೇಲೆ ಕಾಲು ಚಾಚಿದರು.

“ಈಗಲಾದ್ರೂ ಯಂತ್ರ ನಂದಾಯ್ತಾ?”

ಆಕೆ ಕಣ್ಣು ಮುಚ್ಚಿಕೊಂಡರು. “ಲಾಸ್ಟ್ ಎಷ್ಟು ಕೊಡ್ತೀರಾ?”

ಯಂತ್ರಕ್ಕೆ ಯಜಮಾನ, ಯಜಮಾನಿ ಎಂಬ ಭೇದವಿರಲಿಲ್ಲ. “ಎಂಟುನೂರು” ಎಂದಿತು.

“ಅಯ್ಯೋ, ಏರಿಸಿಬಿಟ್ಟೆಯಲ್ಲೇ” ಎಂದು ಶಿವನಂಜಪ್ಪನವರು ನರಳಿದರು.

“ಬಿಡಿ” ಎಂದರು ದಾಕ್ಷಾಯಿಣಮ್ಮ, ಮಗ್ಗುಲು ಬದಲಿಸುತ್ತ. “ಬೆಳಿಗ್ಗೆ ನಿಮ್ಮ ಮಂಡಿ ಹೇಗಿದೆ ಅಂತ ಕೇಳ್ತೀನಿ. ಐವತ್ತು ಇಳಿಯುತ್ತೆ.”