ಮೂರೇ ಮೂರು ಬಟನ್

ಮಾಡಿದ ಕೆಲಸವನ್ನು ನಾಲ್ಕು ಜನಕ್ಕೆ ತೋರಿಸಿ "ಹೇಗಿದೆ?" ಎಂದು ಕೇಳಬಾರದು. ಕೇಳಲೇಬೇಕಿದ್ದರೂ ಬೆಳಿಗ್ಗೆ, ಎಲ್ಲರೂ ಕಾಫಿ ಕುಡಿದು ಹುರುಪಿನಲ್ಲಿರುವಾಗ ಖಂಡಿತ ಕೇಳಬಾರದು. ಬ್ರಾಕೆಟ್ ಆ ದಿನ ಕೇಳಿಬಿಟ್ಟ.

ಬ್ರಾಕೆಟ್ ಎಂಬುದು ಆಫೀಸಿನವರು ಅವನಿಗೆ ಇಟ್ಟ ಹೆಸರು. ಆ ಆಫೀಸು ಆನ್‌ಲೈನ್ ಪಾಠ ನಡೆಸುವ ಕಂಪನಿಯದು. ಪಾಠದ ಕೊನೆಯಲ್ಲಿ ಬರುವ ಪ್ರಶ್ನೆಗಳನ್ನು ಟೀಚರುಗಳೇ ಕಂಪ್ಯೂಟರಿನಲ್ಲಿ ಬರೆಯಬೇಕಿತ್ತು. ಸುಮ್ಮನೆ ಬರೆದರೆ ಆಗದು. ಪ್ರಶ್ನೆಯ ಹಿಂದೆ ಮುಂದೆ, ಉತ್ತರದ ಹಿಂದೆ ಮುಂದೆ ಚೂಪು ಮೂತಿಯ ಬ್ರಾಕೆಟ್ ಹಾಕಬೇಕು. ಒಂದನ್ನು ಮುಚ್ಚಲು ಮರೆತರೆ ಇಡೀ ಪ್ರಶ್ನೆಪತ್ರಿಕೆ ಮಾಯ. ಆಗ ಅವರು ಗಾಬರಿಬಿದ್ದು ಸಹಾಯದ ನಂಬರಿಗೆ ಫೋನ್ ಮಾಡುತ್ತಿದ್ದರು. ಆ ಫೋನಿನ ಮುಂದೆ ಆರು ವರ್ಷ ಕೂತು "ಬ್ರಾಕೆಟ್ ಮುಚ್ಚಿ ಮೇಡಂ, ಬ್ರಾಕೆಟ್ ಮುಚ್ಚಿ ಸಾರ್" ಎಂದು ಹೇಳಿ ಹೇಳಿ ಅವನ ನಾಲಿಗೆ ಸವೆದಿತ್ತು. ನಿದ್ದೆಯಲ್ಲೂ ಅದನ್ನೇ ಕನವರಿಸುತ್ತಾನೆಂದು ಹೆಂಡತಿ ದೂರುತ್ತಿದ್ದಳು.

ಕೊನೆಗೊಂದು ದಿನ ಅವನು ಧೈರ್ಯ ಮಾಡಿ ಮ್ಯಾನೇಜರ ಬಳಿ ಹೋಗಿ, ಬ್ರಾಕೆಟ್ಟೇ ಬೇಡದ, ಪ್ರಶ್ನೆ ಬರೆಯುವ ಹೊಸ ಕಂಪ್ಯೂಟರ್ ಪರದೆಯೊಂದನ್ನು ತಾನು ವಿನ್ಯಾಸ ಮಾಡುತ್ತೇನೆ ಎಂದ. ಮ್ಯಾನೇಜರು ಎರಡು ತಿಂಗಳ ಗಡುವನ್ನೂ ಕಿಟಕಿ ಪಕ್ಕದ ಕುರ್ಚಿಯನ್ನೂ ಕೊಟ್ಟರು. ಹೊಸ ಪರದೆ ಬಂದಮೇಲೆ ಫೋನ್ ಯಾರು ಮಾಡುತ್ತಾರೆ ಎಂದು ಫೋನಿನ ಮೇಜಿಗೆ ಬೇರೆ ಯಾರನ್ನೂ ಹಾಕಲಿಲ್ಲ. ಷರತ್ತು ಒಂದೇ: ಹೊರಗಿನ ಒಬ್ಬ ಟೀಚರು ಯಾರ ಸಹಾಯವೂ ಇಲ್ಲದೆ ಆ ಪರದೆಯಲ್ಲಿ ಒಂದು ಪ್ರಶ್ನೆ ತಯಾರಿಸಬೇಕು. ಹಾಗಾದರೆ ಕುರ್ಚಿ ಅವನದು. ಆಗದಿದ್ದರೆ ಮತ್ತೆ ಫೋನಿನ ಮೇಜು.

ಆ ಪರೀಕ್ಷೆ ಇವತ್ತು ಮಧ್ಯಾಹ್ನವಿತ್ತು. ಪರದೆ ತಯಾರಾಗಿತ್ತು, ಚೆನ್ನಾಗಿಯೂ ಇತ್ತು. ಮೇಲೆ ಪ್ರಶ್ನೆ ಬರೆಯುವ ಚೌಕ, ಕೆಳಗೆ ಉತ್ತರಗಳು, ಸರಿಯುತ್ತರದ ಪಕ್ಕ ಒಂದು ಟಿಕ್. ಇರುವುದು ಮೂರೇ ಮೂರು ಬಟನ್: ಹೊಸದು, ನೋಡು, ಉಳಿಸು. ಅದನ್ನು ನೋಡಿದಾಗೆಲ್ಲ ಅವನಿಗೆ ಸ್ವಂತ ಮಗುವನ್ನು ನೋಡಿದಷ್ಟು ಸಂತೋಷವಾಗುತ್ತಿತ್ತು. ಆ ಸಂತೋಷ ತಡೆಯಲಾರದೆ ಪಕ್ಕದ ಮೇಜಿನಲ್ಲಿ ಪಾಠ ತಿದ್ದುವ ಅಕ್ಕನನ್ನು ಕರೆದು ತೋರಿಸಿದ.

"ಚೆನ್ನಾಗಿದೆಯಪ್ಪ," ಎಂದಳು ಅಕ್ಕ. "ಆದ್ರೆ ಮಕ್ಕಳಿಗೆ ಸುಳಿವು ಕೊಡೋದಕ್ಕೊಂದು ಬಟನ್ ಬೇಡ್ವಾ? ಪಾಪ, ಅವು ಎಲ್ಲಿ ಹೋಗ್ಬೇಕು?"

ಬೇಡ ಎನ್ನುವುದು ಬ್ರಾಕೆಟ್‌ಗೆ ಬರುತ್ತಿರಲಿಲ್ಲ. ಆರು ವರ್ಷ ಫೋನಿನಲ್ಲಿ "ಆಗಲಿ ಸಾರ್" ಎಂದವನ ಬಾಯಲ್ಲಿ ಬೇರೆ ಮಾತು ಹುಟ್ಟುವುದು ಕಷ್ಟ. ಸುಳಿವಿನ ಬಟನ್ ಹಾಕಿದ. ಅಕ್ಕನ ದನಿ ಕೇಳಿ ಚಿತ್ರ ಬರೆಯುವವನು ಬಂದ. ಪರದೆ ತೀರಾ ಬೋಳುಬೋಳಾಗಿದೆ, ಬಣ್ಣ ಬದಲಿಸಲು, ಅಕ್ಷರ ಓರೆ ಮಾಡಲು, ಚಿತ್ರ ತಿರುಗಿಸಲು ಬಟನ್‌ಗಳು ಬೇಕೆಂದು ಹಟ ಹಿಡಿದ. ಅವನಿಗೆ ಕೊಟ್ಟಮೇಲೆ ಲೆಕ್ಕದ ಅಧಿಕಾರಿಗಳಿಗೆ ಇಲ್ಲವೆನ್ನಲಾಗುತ್ತದೆಯೇ? ಯಾವ ಟೀಚರು ಎಷ್ಟು ಹೊತ್ತು ಸುಮ್ಮನೆ ಕೂತಿದ್ದರು ಎಂದು ತಿಳಿಯಲು ಅವರಿಗೊಂದು ದೊಡ್ಡ ಹಸಿರು ಬಟನ್ ಬೇಕಾಯಿತು. ದೊಡ್ಡದೇ ಏಕೆಂದರೆ ಅವರ ಕನ್ನಡಕ ಹಳೆಯದು.

ಊಟಕ್ಕೆ ಮೊದಲು ಮ್ಯಾನೇಜರು ಬಂದರು. ಎಲ್ಲರ ಬಟನ್‌ಗಳನ್ನೂ ನೋಡಿ ಅವರ ಮುಖ ಸ್ವಲ್ಪ ಸಣ್ಣಗಾಯಿತು.

"ನಂದೂ ಒಂದಿರ್ಲಿ ಬ್ರಾಕೆಟ್."

"ಯಾತಕ್ಕೆ ಸಾರ್?"

"ಈಗ ಹಾಕಿಡಿ. ಯಾತಕ್ಕೆ ಅಂತ ಆಮೇಲೆ ಹೇಳ್ತೀನಿ."

ಹಾಕಿದ. ಈಗ ಆ ಪರದೆ ನಾಲ್ಕು ಮನೆಯವರು ಒಟ್ಟಿಗೆ ಬಟ್ಟೆ ಒಣಹಾಕಿದ ತಾರಸಿಯಂತಿತ್ತು. ಅವನ ಮೂರು ಬಟನ್‌ಗಳು ಎಡಗಡೆಯ ಕೆಳಮೂಲೆಯಲ್ಲಿ ಒಂದರ ಮೇಲೊಂದು ಮುದುಡಿ ಕೂತಿದ್ದವು. ಅವನಿಗೆ ಅಳು ಬಂದಂತಾಯಿತು. ತೆಗೆದುಹಾಕಲು ಹೊತ್ತೂ ಇರಲಿಲ್ಲ, ಧೈರ್ಯವೂ ಇರಲಿಲ್ಲ.

ಮಧ್ಯಾಹ್ನ ಪರೀಕ್ಷೆಗೆ ಬಂದವರು ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾಗಿ, ಈಗ ಮನೆಯಿಂದಲೇ ಕಂಪನಿಯ ಪಾಠ ಮಾಡುತ್ತಿದ್ದ ಒಬ್ಬ ಟೀಚರಮ್ಮ. ಅವರನ್ನು ಚಿಕ್ಕ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂರಿಸಿ, ಒಂದು ಪ್ರಶ್ನೆ ತಯಾರಿಸಿ ಎಂದಷ್ಟೇ ಹೇಳಿ ಬಾಗಿಲು ಮುಚ್ಚಿದರು. ಉಳಿದವರೆಲ್ಲ ಪಕ್ಕದ ಕೋಣೆಯಲ್ಲಿ. ಟೀಚರಮ್ಮನ ಪರದೆಯಲ್ಲಿ ಆಗುವುದೆಲ್ಲ ಅಲ್ಲಿಯ ಗೋಡೆಯ ಮೇಲೆ ಕಾಣುತ್ತಿತ್ತು; ಅವರು ಮಾತ್ರ ಕಾಣುತ್ತಿರಲಿಲ್ಲ, ಮಾತೂ ಕೇಳುತ್ತಿರಲಿಲ್ಲ.

ಗೋಡೆಯ ಮೇಲೆ ಬಾಣದ ಗುರುತು ಹಸಿರು ಬಟನ್ನಿಗೆ ಹೋಯಿತು, ಹಿಂದೆ ಬಂತು. ಅಕ್ಷರಗಳೆಲ್ಲ ಓರೆಯಾದವು, ಕೆಂಪಾದವು. ಬಾಣ ಇನ್ನೊಂದು ಸುತ್ತು ಹಾಕಿ, ಸುಸ್ತಾಗಿ ನಿಂತುಬಿಟ್ಟಿತು. ಮ್ಯಾನೇಜರು ಬ್ರಾಕೆಟ್‌ನ ಕಡೆ ನೋಡಿ ತಲೆಯಾಡಿಸಿದರು. ಕಿಟಕಿ ಪಕ್ಕದ ಕುರ್ಚಿ ಕೈತಪ್ಪಿತೆಂದು ಅವನಿಗೆ ಖಾತ್ರಿಯಾಯಿತು.

ಅಷ್ಟರಲ್ಲಿ ಅವನ ಜೇಬು ನಡುಗಿತು.

ಫೋನಿನ ಮೇಜಿನಲ್ಲಿದ್ದಾಗ ಊಟದ ಹೊತ್ತಿನ ಕರೆಗಳು ತಪ್ಪದಿರಲೆಂದು ಸಹಾಯದ ನಂಬರನ್ನು ಅವನು ತನ್ನ ಮೊಬೈಲಿಗೆ ತಿರುಗಿಸಿಕೊಂಡಿದ್ದ. ಅದನ್ನು ತೆಗೆಸಲು ಅವನೂ ಮರೆತಿದ್ದ, ಆಫೀಸೂ ಮರೆತಿತ್ತು. ಎರಡು ತಿಂಗಳಿಂದ ಕರೆಗಳೆಲ್ಲ ಅವನ ಜೇಬಿಗೇ ಬರುತ್ತಿದ್ದವು. ಯಾರಿಗೂ ಹೇಳದೆ, ಮೆಟ್ಟಿಲ ಹತ್ತಿರ ಹೋಗಿ ಉತ್ತರ ಕೊಟ್ಟು ಬರುತ್ತಿದ್ದ. ಈಗಲೂ ಹೊಟ್ಟೆ ಸರಿಯಿಲ್ಲವೆಂದು ಸನ್ನೆ ಮಾಡಿ ಅಲ್ಲಿಗೇ ಓಡಿದ.

"ನಮಸ್ಕಾರ. ನಾನು ಸೋಮವಾರದ ಟೀಚರು," ಎಂದಿತು ಫೋನು. ಅವನಿಗೆ ದನಿಯ ಗುರುತು ಹತ್ತಿತು. ಪ್ರತಿ ಸೋಮವಾರ ಪ್ರಶ್ನೆಪತ್ರಿಕೆ ಕಳೆದುಕೊಳ್ಳುತ್ತಿದ್ದವರು ಇವರೇ. "ಇವತ್ತು ನಿಮ್ಮ ಆಫೀಸಿಗೇ ಬಂದಿದ್ದೀನಿ. ಇಲ್ಯಾವುದೋ ಹೊಸ ಪರದೆ ಕೊಟ್ಟು ಬಾಗಿಲು ಹಾಕ್ಕೊಂಡು ಹೋಗಿದ್ದಾರೆ. ಮುಟ್ಟಿದ್ದೆಲ್ಲ ಕೆಂಪಾಗ್ತಿದೆ."

ಹೇಳುವುದು ತಪ್ಪೆಂದು ಅವನಿಗೆ ಗೊತ್ತಿತ್ತು. ಹೇಳದಿರಲು ಆಗಲಿಲ್ಲ.

"ಗಾಬರಿ ಬೇಡ ಮೇಡಂ. ಬಣ್ಣಬಣ್ಣದ್ದು ಯಾವುದನ್ನೂ ಮುಟ್ಬೇಡಿ. ಎಡಗಡೆ ಕೆಳಗೆ, ಮೂಲೆಯಲ್ಲಿ ಮೂರು ಚಿಕ್ಕ ಬಟನ್ ಇವೆ, ಕಾಣ್ತಾ?"

ಅವನು ಕೋಣೆಗೆ ಮರಳಿದಾಗ ಗೋಡೆಯ ಮೇಲೆ ಅಚ್ಚುಕಟ್ಟಾದ ಪ್ರಶ್ನೆಯೊಂದು ನಿಂತಿತ್ತು. ಅಕ್ಕ ಚಪ್ಪಾಳೆ ತಟ್ಟುತ್ತಿದ್ದಳು. ಬಾಣ ಎಷ್ಟು ನೆಟ್ಟಗೆ ಹೋಯಿತೆಂದು ಚಿತ್ರದವನು ವರ್ಣಿಸುತ್ತಿದ್ದ. ಆಮೇಲೆ ಹಸಿರು ಬಟನ್ನಿನ ಹತ್ತಿರವೂ ಸುಳಿಯಲಿಲ್ಲವಲ್ಲ ಎಂದು ಲೆಕ್ಕದ ಅಧಿಕಾರಿಗಳಿಗೆ ಮಾತ್ರ ಸ್ವಲ್ಪ ಬೇಸರ. ಮ್ಯಾನೇಜರು ಬ್ರಾಕೆಟ್‌ನ ಕೈ ಕುಲುಕಿ, ಎಲ್ಲರನ್ನೂ ಕರೆದುಕೊಂಡು ಟೀಚರಮ್ಮನ ಕೋಣೆಗೆ ನುಗ್ಗಿದರು. ಬ್ರಾಕೆಟ್ ಬಾಗಿಲ ಮರೆಯಲ್ಲಿ ನಿಂತ.

"ಹೇಗನ್ನಿಸ್ತು ಮೇಡಂ ಪರದೆ?" ಎಂದರು ಮ್ಯಾನೇಜರು.

"ನಿಜ ಹೇಳ್ಲಾ? ಒಂದೂ ಅರ್ಥ ಆಗ್ಲಿಲ್ಲ. ನಿಮ್ಮ ಸಹಾಯದ ನಂಬರಿಗೆ ಫೋನ್ ಮಾಡಿ ಕೇಳ್ಕೊಂಡು ಮಾಡ್ದೆ."

ಆ ಮೇಜು ಎರಡು ತಿಂಗಳಿಂದ ಖಾಲಿಯಿದೆ, ಅಲ್ಲಿ ಫೋನೆತ್ತಲು ಯಾರೂ ಇಲ್ಲ ಎಂದು ಮ್ಯಾನೇಜರು ನಗುತ್ತಾ ವಿವರಿಸಿದರು. ತಾನು ಸುಳ್ಳು ಹೇಳುತ್ತಿದ್ದೇನೆಂದು ಅವರು ತಿಳಿದರೆಂದು ಟೀಚರಮ್ಮನಿಗೆ ಸಿಟ್ಟು ಬಂತು. ಚೀಲದಿಂದ ಫೋನ್ ತೆಗೆದು, ಎಲ್ಲರ ಎದುರಿಗೇ ನಂಬರು ಒತ್ತಿದರು.

ಬಾಗಿಲ ಮರೆಯಲ್ಲಿ ಬ್ರಾಕೆಟ್‌ನ ಜೇಬು ನಡುಗತೊಡಗಿತು. ಆ ಚಿಕ್ಕ ಕೋಣೆಯಲ್ಲಿ ಅದು ಗುಂಗುಂ ಎಂದು ಎಲ್ಲರಿಗೂ ಕೇಳಿಸಿತು. ಎಲ್ಲರೂ ತಿರುಗಿ ನೋಡಿದರು. ಅವನು ಫೋನ್ ತೆಗೆದು ಕಿವಿಗಿಟ್ಟು, "ಹೇಳಿ ಮೇಡಂ," ಎಂದ.

"ನೋಡಿ, ಇವರೇ," ಎಂದರು ಟೀಚರಮ್ಮ, ಹಳೆಯ ನೆಂಟರು ಸಿಕ್ಕಷ್ಟು ಖುಷಿಯಿಂದ. "ನಿಮ್ಮ ಕಂಪನಿಯಲ್ಲಿ ನನಗೆ ಅರ್ಥ ಆಗೋದು ಅಂದ್ರೆ ಇವರೊಬ್ಬರೇ."

ಮ್ಯಾನೇಜರು ಬೈಯುತ್ತಾರೆಂದು ಬ್ರಾಕೆಟ್ ತಲೆ ತಗ್ಗಿಸಿ ನಿಂತ. ಬೈಯಲಿಲ್ಲ. ಬದಲಿಗೆ ಹೆಗಲ ಮೇಲೆ ಕೈಯಿಟ್ಟರು.

"ಪರದೆ ಹೇಗಿದೆಯೋ ಹಾಗೇ ನಾಳೆಯಿಂದ ಎಲ್ಲ ಟೀಚರುಗಳಿಗೂ ಕೊಡೋಣ. ಎಲ್ಲರ ಬಟನ್ನೂ ಇರ್ಲಿ. ಫೋನಿನಲ್ಲಿ ನೀವಿದ್ದೀರಲ್ಲ, ಇನ್ನೇನು ಚಿಂತೆ?"

ಸಂಜೆಗೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಚಿತ್ರದವನು ಕೂತಿದ್ದ. ಬ್ರಾಕೆಟ್ ಹಳೆಯ ಮೇಜಿನ ಧೂಳು ಒರೆಸುತ್ತಿರುವಾಗಲೇ ಫೋನು ಹೊಡೆದುಕೊಂಡಿತು. ಮೇಲಿನ ಮಹಡಿಯಿಂದ ಮ್ಯಾನೇಜರು.

"ಬ್ರಾಕೆಟ್, ಸುಮ್ನೆ ನನ್ನ ಬಟನ್ ಒತ್ತಿ ನೋಡ್ದೆ. ಪರದೇಲಿ ಏನೂ ಕಾಣ್ತಿಲ್ಲ. ಈಗೇನ್ ಮಾಡ್ಲಿ?"

ಆ ಬಟನ್ ಯಾತಕ್ಕೆಂದು ಅವನಿಗೂ ಗೊತ್ತಿರಲಿಲ್ಲ. ಆದರೆ ಆರು ವರ್ಷ ಪಳಗಿದ ನಾಲಿಗೆ ಅವನ ಅಪ್ಪಣೆಗೆ ಕಾಯಲಿಲ್ಲ.

"ಬ್ರಾಕೆಟ್ ಮುಚ್ಚಿ ಸಾರ್," ಎಂದ.